ಲಾಳಿ ಆಕಾರದ ಚುಟ್ಟ

ಚುಟ್ಟದ ಆಕಾರಗಳ ಬಗ್ಗೆ ಯಾರಾದರೂ ಏನಾದರೂ ಕೇಳುವುದಿದ್ದರೆ ನನ್ನನ್ನೇ ಕೇಳಬೇಕು ಎಂಬುದು ಬಹಳ ದಿನ ನನ್ನ ಅಭಿಪ್ರಾಯವಾಗಿತ್ತು. ಬನಹಟ್ಟಿಯ ನಮ್ಮ ನೇಕಾರ ಓಣಿಯಲ್ಲಿ ಮುಂಬಯಿ ನೋಡಿ ಬಂದವರು ಬೇಕಾದಷ್ಟು ಮಂದಿ ಇದ್ದರು. ಆದರೆ ಮುಂಬಯಿಯನ್ನು ಕಣ್ಣು ಬಿಟ್ಟು ನೋಡಿದವನು ನಾನೊಬ್ಬನೇ! ಒಂದು ಮಳೆಗಾಲ ಪೂರ್ತಿ ಅಲ್ಲಿಯ ಮಿಲ್ಲೊಂದರಲ್ಲಿ ನೂಲಿನ ಗಂಟು ಹೊತ್ತಿದ್ದೆ. ಆ ಮಿಲ್ಲಿನ ದೊಡ್ಡ ಸಾಹೇಬರು ಮೋಟಾರಿನಿಂದ ಇಳಿಯುವಾಗ ಅವರ ಬಾಯಲ್ಲಿ ದಪ್ಪನೆಯ ಚುಟ್ಟ ಇರುತ್ತಿತ್ತು. ಅದಕ್ಕೆ ಚುಟ್ಟ ಅನ್ನಬಾರದು, ಸಿಗಾರ್ ಅನ್ನಬೇಕು ಎಂದು ಗೇಟಿನ ಕಾವಲುಗಾರ ಹೇಳಿಕೊಟ್ಟಿದ್ದ. ಆ ಸಿಗಾರಿನ ಹೊಗೆಯನ್ನು ನಾನು ದಿನಾ ಗೇಟಿನ ಹೊರಗೆ ನಿಂತು ನೋಡುತ್ತಿದ್ದೆ. ಅನುಭವ ಎಂದರೆ ಇನ್ನೇನು?

ನಾನು ಊರಿಗೆ ಮರಳುವ ಹೊತ್ತಿಗೆ ಸಂಸ್ಥಾನಗಳ ಕಾಲ ಮುಗಿದು ನಮ್ಮ ಸೀಮೆಯೆಲ್ಲ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಮುಂಬಯಿ ಬಿಟ್ಟು ಬಂದರೂ ಮುಂಬಯಿ ನನ್ನ ಬೆನ್ನು ಬಿಡಲಿಲ್ಲವಲ್ಲ ಎಂದು ನನಗೆ ಹೆಮ್ಮೆ. ಓಣಿಯಲ್ಲಿ ಯಾರ ಮನೆಗೆ ದೊಡ್ಡ ಮನುಷ್ಯರು ಬರುವುದಿದ್ದರೂ ಅವರನ್ನು ಹೇಗೆ ಕೂರಿಸಬೇಕು, ಏನು ಕೊಡಬೇಕು ಎಂದು ಕರೆಯದೆಯೇ ಹೋಗಿ ಹೇಳುತ್ತಿದ್ದೆ. ಒಂದು ಕಡೆ ಸುಮ್ಮನೆ ಕೂಡುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ. "ಲೇ ಸಂಗ್ಯಾ, ಕುಂಡಿಗೆ ಮುಳ್ಳು ಚುಚ್ಚೇತೇನಲೇ?" ಎಂದು ನಮ್ಮಪ್ಪ ದಿನಕ್ಕೆ ನಾಲ್ಕು ಸಲವಾದರೂ ಕೇಳುತ್ತಿದ್ದರು.

ಇಂಥ ಮನೆಯಲ್ಲಿ ನನ್ನ ತಂಗಿ ನೀಲವ್ವನ ಮದುವೆಯ ಮಾತು ನಡೆದಿತ್ತು. ಹುಡುಗ ಮುಧೋಳದವನು, ಸಾಲಿ ಮಾಸ್ತರ. ಅವನಿಗೆ ತಂದೆ ಇರಲಿಲ್ಲ. ತಾಯಿ ಶಾಂತವ್ವ, ಆಕೆಯ ಅಣ್ಣ, ಇಬ್ಬರೇ ಹಿರಿಯರು. ಆ ಅಣ್ಣನನ್ನು ಎಲ್ಲರೂ ಮಾಮಾ ಎನ್ನುತ್ತಿದ್ದರು. ಮುಂಬಯಿಯ ಮಿಲ್ಲಿನಲ್ಲಿ ಬಹಳ ವರ್ಷ ಮೇಸ್ತ್ರಿಯಾಗಿದ್ದು ಬಂದವರು. ಭಾರಿ ಮೀಸೆ. ಮಾಮಾ ಹ್ಞೂಂ ಅಂದರೆ ಮದುವೆ, ಊಂಹೂಂ ಅಂದರೆ ಇಲ್ಲ.

ನೀಲವ್ವನಿಗೆ ಮಾಸ್ತರ ಮನಸ್ಸಿಗೆ ಬಂದಿದ್ದ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಒಂದು ಮುಂಜಾನೆ ನನ್ನ ಮುಂದೆ ಬಂದು ನಿಂತು ಸೆರಗಿನ ತುದಿ ತಿರುವುತ್ತ ಅಂದಳು:

"ಅಣ್ಣಾ, ಈ ಸಲ ನೀ ಏನೂ ಮಾಡಬ್ಯಾಡ. ಸುಮ್ನ ಕುಂತ್ರ ಸಾಕು. ನಿನ್ನ ಕಾಲು ಬೀಳತೇನಿ."

ಇದಕ್ಕೊಂದು ಹಿನ್ನೆಲೆ ಇತ್ತು. ಹಿಂದಿನ ಸಲ ಬೀಳಗಿಯ ಕಡೆಯಿಂದ ಹೆಣ್ಣು ನೋಡಲು ಬರುವವರಿದ್ದರು. ಅವರನ್ನು ಕರೆತರಲು ಮೋಟಾರ ಸ್ಟ್ಯಾಂಡಿಗೆ ಹೋದವನು ನಾನೇ. ಬಿಳಿ ರುಮಾಲು ಸುತ್ತಿದ್ದ ಮೂವರನ್ನು ಕಂಡು, ಕೈಮುಗಿದು, ಅವರು ಏನೋ ಹೇಳಲು ಬಾಯಿ ತೆರೆದರೂ ಬಿಡದೆ, ಎಳೆದುಕೊಂಡೇ ಮನೆಗೆ ತಂದೆ. ಹೋಳಿಗೆ ತುಪ್ಪದ ಊಟ ಆಯಿತು. ಎಲೆ ಅಡಿಕೆ ಆಯಿತು. ಕೊನೆಗೆ ಅವರು "ಊಟ ಭಾಳ ಛಲೋ ಆತ್ರಿ, ಆದರ ಎಮ್ಮಿ ಎಲ್ಲೈತ್ರಿ?" ಎಂದರು. ಅವರು ಎಮ್ಮೆ ಕೊಳ್ಳಲು ಬಂದವರು! ಖರೆ ಬೀಗರು ಸಂಜೆಯವರೆಗೆ ಸ್ಟ್ಯಾಂಡಿನಲ್ಲಿ ಕೂತು, ಬಂದ ಮೋಟಾರಿಗೇ ವಾಪಸು ಹೋಗಿದ್ದರು. ಆ ಸಂಬಂಧ ಅಲ್ಲಿಗೆ ಮುಗಿಯಿತು.

"ಆತು ನೀಲಾ, ಈ ಸಲ ನಾ ಕಲ್ಲಿನಂಗ ಕುಂತಿರತೇನಿ" ಎಂದು ನಾನು ಅವಳಿಗೆ ಮಾತು ಕೊಟ್ಟೆ. ಮನಸ್ಸಿನಿಂದಲೇ ಕೊಟ್ಟೆ.

ಕೂತಿದ್ದೆ ಕೂಡ. ಕೂತು ನೇಯುತ್ತಿದ್ದೆ. ಆಗಲೇ ಮದುವೆಯ ನಡುವಿನ ಮನುಷ್ಯ ಬಸಲಿಂಗ ಕಾಕಾ ಮುಧೋಳದಿಂದ ಸುದ್ದಿ ತಂದು ನಮ್ಮ ಬಾಗಿಲಲ್ಲಿ ನಿಂತದ್ದು.

ನಮ್ಮ ಮನೆಯ ಮಗ್ಗದ ಖೋಲಿಯಲ್ಲಿ ಮೂರು ಮಗ್ಗ. ಒಂದರಲ್ಲಿ ಅಪ್ಪ, ಒಂದರಲ್ಲಿ ನನ್ನ ಹೆಂಡತಿ ಗಂಗವ್ವ, ಇನ್ನೊಂದರಲ್ಲಿ ನಾನು. ಹಾಸಿನ ಉದ್ದ ಎಳೆಗಳ ನಡುವೆ ಹೊಕ್ಕಿನ ಅಡ್ಡ ಎಳೆ ಒಯ್ಯುವ ಲಾಳಿಯ ಖಟ್ ಖಟ್ ಆಚೆ ಈಚೆ ಮನೆಗಳಲ್ಲೂ ಅದೇ. ಇಂಥ ಗದ್ದಲದಲ್ಲಿ ಬಾಯಿಂದ ಹೇಳಿದ್ದು ಯಾರಿಗೂ ಕೇಳುವುದಿಲ್ಲ. ಹಾಗಾಗಿ ನಮ್ಮ ಓಣಿಯಲ್ಲಿ ಅರ್ಧ ಸಂಸಾರ ಕೈಸನ್ನೆಯಲ್ಲೇ ನಡೆಯುತ್ತದೆ. ಹೊಟ್ಟೆ ತಟ್ಟಿದರೆ ಊಟಕ್ಕೆ ಏಳು. ಬೆರಳು ಸುತ್ತಿದರೆ ನೂಲು ತೀರಿದೆ. ಮೂಗು ಹಿಂಡಿದರೆ ಕೂಸು ಕೆಲಸ ಕೆಡಿಸಿದೆ. ಸನ್ನೆ ತಿಳಿಯದೆ ಮಗ್ಗ ನಿಲ್ಲಿಸಿ "ಏನಂದ್ರಿ?" ಎಂದು ಕೇಳುವವನು ನೇಕಾರನೇ ಅಲ್ಲ.

ಅವತ್ತು ಅಪ್ಪ ಮಠಕ್ಕೆ ಹೋಗಿದ್ದರು. ಕಾಕಾರಿಗೆ ಮುಂದಿನ ಮೋಟಾರ ಹಿಡಿಯುವ ಗಡಿಬಿಡಿ. ಬಾಗಿಲಲ್ಲೇ ನಿಂತು ಸನ್ನೆ ಶುರು ಮಾಡಿದರು. ಮೊದಲು ಎರಡೂ ಕೈಯಿಂದ ಮೀಸೆ ತೀಡಿದರು. ಮಾಮಾ! ತಿಳಿಯಿತು. ಆಮೇಲೆ ಎರಡು ಬೆರಳು ತುಟಿಗೆ ಹಚ್ಚಿ ದಮ್ ಎಳೆದರು. ಚುಟ್ಟ! ತಿಳಿಯಿತು. ಆಮೇಲೆ ಮುಖದ ಮುಂದೆ ಅಂಗೈಯನ್ನು ಜೋರಾಗಿ ಆಚೆ ಈಚೆ ಆಡಿಸಿದರು. ಹೊಗೆಯೋ ಹೊಗೆ! ಅದೂ ತಿಳಿಯಿತು. ಕೊನೆಗೆ ಎರಡೂ ಅಂಗೈ ಜೋಡಿಸಿ, ಎರಡೂ ತುದಿ ಚೂಪು ನಡು ದಪ್ಪ ಮಾಡಿ, ಎಡದಿಂದ ಬಲಕ್ಕೆ ಸರ್ರನೆ ಓಡಿಸಿ, ಒಳಗೆ ಅಡಿಗೆ ಮನೆಯತ್ತ ಬೆರಳು ತೋರಿಸಿದರು. ನಾನು ನೇಯುತ್ತಲೇ ತಲೆಯಾಡಿಸಿದೆ. ಕಾಕಾ ಸಮಾಧಾನದಿಂದ ಹೋದರು.

"ಏನಂದ್ರು ಕಾಕಾ?" ಗಂಗವ್ವ ಮಗ್ಗ ನಿಲ್ಲಿಸಿ ಕೇಳಿದಳು. ಅವಳು ದಾರದ ಗಂಟು ಹಾಕುತ್ತಿದ್ದುದರಿಂದ ನೋಡಿರಲಿಲ್ಲ.

"ಮಾಮಾರು ಚುಟ್ಟಾ ಸೇದತಾರಂತ. ಹೊಗಿ ಬಿಡೂದಂದ್ರ ಮಿಲ್ಲಿನ ಚಿಮಣಿ ಬಿಟ್ಟಂಗಂತ. ಅವರಿಗೆ ಸಾದಾ ಚುಟ್ಟಾ ನಡೆಯೂದಿಲ್ಲ. ಲಾಳಿ ಆಕಾರದ್ದ ಬೇಕು. ತಂದು ಮನಿಯಾಗ ಇಟ್ಟಿರ್ರಿ ಅಂದ್ರು."

"ಅದೆಲ್ಲಾ ಅಂದ್ರ? ಒಂದೂ ಮಾತಾಡದ?"

"ಸನ್ನಿ ತಿಳೀಬೇಕಾದ್ರ ತಲಿ ಬೇಕಾಗತೈತಿ."

"ಅದು ಖರೆ. ಅದಕ್ಕ ಹೇಳಾಕತ್ತೇನಿ, ಒಂದ ಸಲ ಹೋಗಿ ಬಾಯಿಲೆ ಕೇಳಕೊಂಡ ಬರ್ರಿ" ಎಂದಳು ಗಂಗವ್ವ. ಮಾತು ಮರ್ಯಾದೆಯದೇ, ಆದರೆ ಅವಳು ಮಾತಾಡಿದ ರೀತಿ ನನಗೆ ಸರಿ ಬರಲಿಲ್ಲ. ಕೇಳಲು ಹೋಗಲಿಲ್ಲ.

ನೀಲವ್ವನಿಗೆ ಕೊಟ್ಟ ಮಾತು ನೆನಪಿತ್ತು. ಆದರೆ ಬೀಗರು ಬಾಯಿಬಿಟ್ಟು ಕೇಳಿದ ಒಂದೇ ಒಂದು ವಸ್ತು ಮನೆಯಲ್ಲಿ ಇಲ್ಲವೆಂದರೆ? ಮಾಮಾ ಊಂಹೂಂ ಅಂದುಬಿಟ್ಟರೆ? ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಮರುದಿನ ಮೊದಲ ಮೋಟಾರಿಗೆ ಜಮಖಂಡಿಗೆ ಹೊರಟೆ. ಮನೆಯಲ್ಲಿ ಸಕ್ಕರೆ ತರಲು ಎಂದು ಹೇಳಿದೆ. ಚುಟ್ಟ ಎಂಬ ಶಬ್ದವನ್ನು ಅಪ್ಪನ ಮುಂದೆ ಎತ್ತುವಂತೆಯೇ ಇರಲಿಲ್ಲ. ಅಪ್ಪ ಮಠದ ಅಯ್ಯನವರ ಮುಂದೆ ತಂಬಾಕಿನ ಸಂಗ ಬಿಟ್ಟವರು. ನಮ್ಮ ಮನೆಯ ಮುಂದೆ ಹಾಯುವಾಗ ಓಣಿಯ ಹಿರಿಯರೂ ಬೀಡಿಯನ್ನು ಬೆನ್ನ ಹಿಂದೆ ಹಿಡಿಯುತ್ತಿದ್ದರು.

ಜಮಖಂಡಿ ಪೇಟೆಯಲ್ಲಿ ಹುಸೇನಸಾಬರ ಅಂಗಡಿ. ಸಂಸ್ಥಾನದ ಕಾಲದಲ್ಲಿ ಅರಮನೆಗೆ ಬರುವ ಅತಿಥಿಗಳಿಗೆ, ದೊಡ್ಡ ದೊಡ್ಡ ಪಾಹುಣ್ಯಾರಿಗೆ, ಸಿಗಾರ್ ಒದಗಿಸಿದವರು. ಪಾಹುಣ್ಯಾರು ಬರುವುದು ನಿಂತ ಮೇಲೆ ಉಳಿದ ಸರಕು ಒಂದು ಕಟ್ಟಿಗೆ ಪೆಟ್ಟಿಗೆಯಲ್ಲಿ ಮಲಗಿತ್ತು. ನಾನು ಸಿಗಾರ್ ಎಂದ ಕೂಡಲೇ ಸಾಬರು ಎದ್ದೇ ನಿಂತರು. ಇಷ್ಟು ವರ್ಷಕ್ಕೆ ಒಂದು ಗಿರಾಕಿ ಬಂತಲ್ಲ ಎಂದು ಅವರ ಕಣ್ಣು ತುಂಬಿದ್ದವೋ, ಪೆಟ್ಟಿಗೆಯ ಧೂಳಿಗೆ ತುಂಬಿದ್ದವೋ ತಿಳಿಯಲಿಲ್ಲ.

"ಬರ್ರಿ ಬರ್ರಿ! ಎಂಥಾ ಆಕಾರದ್ದ ಬೇಕು?" ಎಂದು ಒಂದನ್ನು ಎತ್ತಿ ಹಿಡಿದರು. "ಇದ ನೋಡ್ರಿ, ಸೀದಾ. ತಲಿಯಿಂದ ಬುಡದ ತನಕಾ ಒಂದ ದಪ್ಪ. ಸಾಲಿ ಮಾಸ್ತರ ರೂಳ ಇದ್ದಂಗ."

"ಬ್ಯಾಡ್ರಿ. ವರನ ಮಾಸ್ತರ ಅದಾನ. ಮತ್ತೊಂದು ರೂಳ ಯಾಕ?"

"ಹಂಗಾರ ಇದು. ಒಂದ ಕಡೆ ಚೂಪ, ಒಂದ ಕಡೆ ದಪ್ಪ. ಗಜ್ಜರಿ ಹಂಗ."

ಮೂರನೆಯದು ಚಪ್ಪಟೆಯಾಗಿ ಚೌಕಾಗಿತ್ತು. "ಇದರ ಮ್ಯಾಲ ಯಾರರ ಕುಂತಿದ್ರೇನ್ರಿ?" ಎಂದೆ.

"ಛೇ ಛೇ! ಪೆಟಿಗ್ಯಾಗ ಒತ್ತಿ ಒತ್ತಿ ಹಂಗ ಮಾಡತಾರ್ರಿ. ಮುದ್ದಾಂ ಮಾಡೂದು!" ಎಂದು ಸಾಬರು ಸಿಟ್ಟಾದರು. ಆಮೇಲೆ ಪೆಟ್ಟಿಗೆಯ ತಳದಿಂದ ಒಂದು ವಿಚಿತ್ರ ತೆಗೆದರು. ಮೂರು ಸಣ್ಣ ಚುಟ್ಟಗಳನ್ನು ಹಸಿ ಇರುವಾಗಲೇ ಹೆಣ್ಣುಮಕ್ಕಳ ಹೆರಳಿನಂತೆ ಹೆಣೆದು ದಾರ ಕಟ್ಟಿದ್ದರು.

"ಮೂರೂ ಕೂಡೇ ಬಾಯಾಗ ಇಟ್ಕೋಬೇಕೇನ್ರಿ?" ನಾನು ಕೇಳಿದೆ.

ಸಾಬರು ಹೆರಳನ್ನು ತಿರುವಿ ಮುರುವಿ ನೋಡಿದರು. "ದೊಡ್ಡವರ ಬಾಯಿ ದೊಡ್ಡದ ಇರತೈತ್ರಿ" ಎಂದರು. ಅವರಿಗೂ ಗೊತ್ತಿರಲಿಲ್ಲ.

ಕಟ್ಟಕಡೆಗೆ ಅದು ಬಂತು. ಎರಡೂ ತುದಿ ಚೂಪು, ನಡು ದಪ್ಪ. ಥೇಟ್ ಲಾಳಿ! ಕೈಯಲ್ಲಿ ಹಿಡಿದರೆ ಮಗ್ಗಕ್ಕೆ ಹಾಕಿ ನೇಯೋಣ ಎನ್ನಿಸುವಂಥ ಲಾಳಿ! ಎರಡೇ ಉಳಿದಿದ್ದವು. ಎರಡನ್ನೂ ತೆಗೆದುಕೊಂಡೆ. ಮಾಮಾರ ಮನಸ್ಸು ಕಡೆ ಗಳಿಗೆಯಲ್ಲಿ ಬದಲಾದರೆ ಎಂಬ ದಿಗಿಲಿಗೆ ರೂಳ, ಗಜ್ಜರಿ, ಚೌಕ, ಹೆರಳು ಒಂದೊಂದು ಕಟ್ಟಿಸಿಕೊಂಡೆ. ಸಕ್ಕರೆ ಮರೆತೆ.

ಮನೆಗೆ ತಂದ ಮೇಲೆ ಬಚ್ಚಿಡುವ ಪ್ರಶ್ನೆ. ನೇಕಾರರ ಮನೆಯಲ್ಲಿ ಯಾರೂ ಅನುಮಾನಪಡದ ಜಾಗವೆಂದರೆ ಕಂಡಿಕೆ ಬುಟ್ಟಿ. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯಲ್ಲಿ ಇಡುವ ನೂಲು ಸುತ್ತಿದ ಕಡ್ಡಿ. ಅದೂ ಉದ್ದಕ್ಕೆ, ಬೆರಳು ದಪ್ಪ. ಹತ್ತಾರು ಕಂಡಿಕೆಗಳ ನಡುವೆ ಚುಟ್ಟಗಳು ಅಣ್ಣ ತಮ್ಮಂದಿರಂತೆ ಮಲಗಿದವು. ಹೆರಳನ್ನು ಮಾತ್ರ ಗಂಗವ್ವ ನೋಡಿಬಿಟ್ಟಳು.

"ಅಯ್ಯ! ಇದ್ಯಾರ ಜಡೀ ಕತ್ತರಿಸಿಕೊಂಡ ಬಂದೀರಿ?"

"ಮೆಲ್ಲಕ ಮಾತಾಡ! ಇದು ಸಿಗಾರ್."

"ನಿಮ್ಮ ತಂಗಿ ಸುಮ್ನ ಕುಂಡ್ರು ಅಂದಿದ್ಲು."

"ಕುಂತೇನಲ್ಲ ಈಗ!"

"ಎಲ್ಲಿ ಕುಂತೀರಿ? ನಿಂತೀರಿ" ಎಂದಳು. ನೋಡಿದರೆ ಹೌದು, ನಿಂತೇ ಇದ್ದೆ.

ಬೀಗರು ಬರುವ ದಿನ ಬಂತು. ಮಧ್ಯಾಹ್ನದ ಮೋಟಾರಿಗೆ ಬರುತ್ತಾರೆಂದು ಲೆಕ್ಕ. ಮುಂಜಾನೆಯಿಂದ ನನಗೊಂದು ಹೊಸ ಚಿಂತೆ ಹತ್ತಿತು. ನಮ್ಮ ಕಡೆಯ ಸಾದಾ ಚುಟ್ಟಕ್ಕೆ ತಲೆ ಯಾವುದು ಬುಡ ಯಾವುದು ಎಂಬ ತಕರಾರಿಲ್ಲ. ಆದರೆ ಈ ಲಾಳಿಗೆ ಎರಡೂ ಕಡೆ ಚೂಪು, ಎರಡೂ ಕಡೆ ಮುಚ್ಚಿದೆ. ಮಾಮಾರು ಬಾಯಲ್ಲಿಟ್ಟಾಗ ಕಡ್ಡಿ ಗೀರುವವನು ನಾನು. ಬಾಯಿ ಕಡೆಯ ತುದಿಗೇ ಬೆಂಕಿ ಹಚ್ಚಿದರೆ? ಆ ಮೀಸೆ! ನೀಲವ್ವನ ಮದುವೆ ಮೀಸೆಯೊಂದಿಗೆ ಸುಟ್ಟು ಹೋಗುತ್ತದೆ! ಒಂದು ಸಲ ತಾಲೀಮು ಮಾಡಿ ನೋಡುವುದೇ ಸರಿ ಎನ್ನಿಸಿತು.

ಅಪ್ಪ ಹೊರಗೆ ಹೋಗಿದ್ದರು. ಹೆಂಗಸರು ಅಡಿಗೆ ಮನೆಯಲ್ಲಿದ್ದರು. ನಾನು ಗಂಗವ್ವನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೆ. ಅದರ ಮೇಲೆ ಶಾಂತವ್ವನಿಗೆ ಉಡಿಸಲೆಂದು ನೇಯುತ್ತಿದ್ದ ಕೆಂಪು ಅಂಚಿನ ಸೀರೆ ಇತ್ತು. ಸೆರಗಿನ ಒಂದು ಮೊಳ ಮಾತ್ರ ಬಾಕಿ. ಲಾಳಿ ಚುಟ್ಟಕ್ಕೆ ಕಡ್ಡಿ ಗೀರಿದೆ. ಎಳೆದೆ. ಏನೂ ಬರಲಿಲ್ಲ. ಮತ್ತೆ ಎಳೆದೆ. ಗಲ್ಲ ಒಳಗೆ ಹೋದವು, ಹೊಗೆ ಬರಲಿಲ್ಲ. ಬಾಯಿ ಕಡೆಯ ತುದಿಗೆ ತೂತು ಬೇಕು ಎಂದು ಆಗ ಹೊಳೆಯಿತು. ದಾರದ ಕತ್ತರಿಯಿಂದ ಕಚಕ್ ಅಂತ ಕತ್ತರಿಸಿ, ಅಷ್ಟು ಹೊತ್ತು ಬಾರದೆ ಇದ್ದ ಹೊಗೆಯನ್ನೆಲ್ಲ ಒಂದೇ ಸಲಕ್ಕೆ ಎಳೆದುಕೊಂಡೆ.

ಅಯ್ಯಯ್ಯೋ! ಕೆಮ್ಮು ಹೊಟ್ಟೆಯ ತಳದಿಂದ ಬಂತು. ಮೂರಿದ್ದ ಮಗ್ಗ ಕಣ್ಣಿಗೆ ಆರಾದವು. ಹಠ ಬಿಡದೆ ಅರ್ಧದವರೆಗೆ ಸೇದಿದೆ. ಅಷ್ಟರಲ್ಲಿ ಹೊಸ್ತಿಲಲ್ಲಿ ಅಪ್ಪನ ಕೋಲು ಕುಟ್ಟಿದ ಸದ್ದು.

ಮನುಷ್ಯನ ಕೈ ಆಪತ್ತಿನಲ್ಲಿ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡುತ್ತದೆ. ಮುಂದೆ ಮಗ್ಗದ ಲಾಳಿ ಇತ್ತು. ಅದರ ಹೊಟ್ಟೆಯಲ್ಲಿದ್ದ ಕಂಡಿಕೆ ಕಿತ್ತೆಸೆದು, ಚುಟ್ಟವನ್ನು ಒಳಗೆ ತುರುಕಿದೆ. ಎಂಥ ಸರಿಯಾಗಿ ಕೂತಿತು! ಹೇಳಿ ಮಾಡಿಸಿದ ಹಾಗೆ. ಆರಿದೆ ಎಂದುಕೊಂಡಿದ್ದೆ.

"ಏನ್ ವಾಸನಿ ಇದು?" ಅಪ್ಪ ಮೂಗು ಏರಿಸಿದರು.

"ಓಣ್ಯಾಗ ಯಾರೋ ಹಾದುಹೋದ್ರು."

"ನೀ ಏನ ಮಾಡಾಕತ್ತೀ?"

"ನೇಯಾಕತ್ತೇನಿ."

ಅಪ್ಪನಿಗೆ ನಂಬಿಕೆಯಾಗಲಿಲ್ಲ. ಕರೆಯದೆ ಮಗ್ಗಕ್ಕೆ ಕೂತ ಮಗನನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ಎದುರಿಗೆ ಮಣೆ ಹಾಕಿ ಕೂತರು. "ನೇಯಿ. ನೋಡೂನು."

ಹಗ್ಗ ಜಗ್ಗಿದೆ. ಲಾಳಿ ಸರ್ರನೆ ಬಲಕ್ಕೆ ಹೋಯಿತು. ಜಗ್ಗಿದೆ. ಎಡಕ್ಕೆ ಬಂತು. ಸುಮ್ಮನೆ ಬಿಟ್ಟಿದ್ದರೆ ಆರಿರುತ್ತಿತ್ತು, ಆದರೆ ನಾನು ಹೀಗೆ ಗಾಳಿ ಹಾಕುತ್ತಿದ್ದರೆ ಯಾವ ಬೆಂಕಿ ತಾನೇ ಆರೀತು? ನಾಲ್ಕನೆಯ ಸಲಕ್ಕೆ ಲಾಳಿಯ ಬೆನ್ನ ಮೇಲೆ ಒಂದು ತೆಳು ಹೊಗೆ ಎದ್ದಿತು. ಎಡಕ್ಕೆ ಬಂದರೆ ಹೊಗೆ ಬಲಕ್ಕೆ, ಬಲಕ್ಕೆ ಹೋದರೆ ಹೊಗೆ ಎಡಕ್ಕೆ. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಸಿಕ್ಕಿಬೀಳುತ್ತೇನೆಂದು ಇನ್ನೂ ಜೋರಾಗಿ ಜಗ್ಗಿದೆ!

ಅಪ್ಪ ಬಗ್ಗಿ ನೋಡಿದರು. ಕಣ್ಣು ಸಣ್ಣ ಮಾಡಿ ಮತ್ತೆ ನೋಡಿದರು.

"ಲೇ ಸಂಗ್ಯಾ! ಹೊಕ್ಕು ಎಲ್ಲೈತಲೇ? ಹೊಕ್ಕು ಬರೂ ಜಾಗಾದಾಗ ಹೊಗಿ ಬರಾಕತ್ತೈತಲ್ಲೋ!"

ಅಷ್ಟು ಹೇಳುವುದರೊಳಗೆ ಹಾಸಿನ ಎಳೆಗಳು ಚಿಟಿಚಿಟಿ ಎಂದು ಹರಿಯತೊಡಗಿದವು. ಒಂದು ಅಂಗೈ ಅಗಲ ಎಳೆಗಳು ಸುಟ್ಟು ಮುದುಡಿ ಜೋತುಬಿದ್ದವು. ನೇಯ್ದ ಸೆರಗಿನ ಮೇಲೂ ಉಗುರಿನಷ್ಟು ಕಂದು ಕಲೆ ಬಿತ್ತು. ಗಂಗವ್ವ ಅಡಿಗೆ ಮನೆಯಿಂದ ತಂಬಿಗೆ ನೀರು ತಂದು ಸುರಿದಳು. ಅರ್ಧ ಲಾಳಿಗೆ ಬಿತ್ತು, ಅರ್ಧ ನನ್ನ ತಲೆಗೆ. ಅದು ತಪ್ಪಿ ಬಿದ್ದದ್ದಲ್ಲ.

ನೀಲವ್ವ ಬಾಗಿಲಲ್ಲಿ ನಿಂತಿದ್ದಳು. ಸುಟ್ಟ ಎಳೆ ನೋಡಿದಳು, ನನ್ನನ್ನು ನೋಡಿದಳು, ಕಣ್ಣಲ್ಲಿ ನೀರು ತುಂಬಿಕೊಂಡು ಒಳಗೆ ಹೋದಳು.

ಅಪ್ಪ ಕೋಲು ಎತ್ತಿದ್ದರು. ಅದು ಇಳಿಯುವ ಮೊದಲೇ ಬಸಲಿಂಗ ಕಾಕಾ ಓಡಿಬಂದರು. "ಏ, ಬಂದ್ರು! ಮುಂಜಾನಿ ಮೋಟಾರಿಗೇ ಬಂದ್ರು! ಓಣಿ ತಿರುವಿನ್ಯಾಗ ಅದಾರ!"

ಕೋಲು ಇಳಿಯಿತು, ನೆಲಕ್ಕೆ. ಬೀಗರು ಬಂದೇಬಿಟ್ಟರು. ಮುಂದೆ ಶಾಂತವ್ವ, ಹಿಂದೆ ಮೀಸೆ, ಮೀಸೆಯ ಹಿಂದೆ ಮಾಮಾ. ಕೈಕಾಲಿಗೆ ನೀರು ಕೊಟ್ಟೆವು, ಬೆಲ್ಲ ನೀರು ಕೊಟ್ಟೆವು. ಮಾಮಾ ಕುಡಿದು, ಮೀಸೆ ಒರೆಸಿಕೊಂಡು, "ಆತು, ಹುಡುಗಿ ಲಾಳಿ ಓಡಸೂದು ನೋಡೂನು ನಡೀರಿ" ಎಂದು ಸೀದಾ ಮಗ್ಗದ ಖೋಲಿಗೆ ನಡೆದರು!

ನಾನು ಕಾಕಾರ ಮುಖ ನೋಡಿದೆ. ಕಾಕಾ ಪಿಸುಗುಟ್ಟಿದರು: "ಹೇಳಿದ್ನಲ್ಲೋ ಅವತ್ತು! ಮಾಮಾ ಚುಟ್ಟಾ ಬಿಟ್ಟಾರ, ತಂಬಾಕಿನ ವಾಸನೀನೂ ಬ್ಯಾಡ, ಹುಡುಗಿ ನೇಯೂದು ನೋಡತಾರಂತ. ನೀ ಹ್ಞೂಂ ಅಂತ ತಲಿ ಅಲ್ಲಾಡಿಸಿದಿ!"

ಮುಖದ ಮುಂದೆ ಕೈ ಆಡಿಸಿದ್ದು ಹೊಗೆಗಲ್ಲ, ಬೇಡ ಎಂದು. ಅಂಗೈ ಜೋಡಿಸಿ ಓಡಿಸಿದ್ದು ಲಾಳಿ ಆಕಾರದ ಚುಟ್ಟ ಅಲ್ಲ, ಬರೀ ಲಾಳಿ. ಅಡಿಗೆ ಮನೆಯತ್ತ ತೋರಿಸಿದ್ದು ನೀಲವ್ವನನ್ನು. ಗೋಡೆ ಹಿಡಿದು ಅವರ ಹಿಂದೆ ಹೋದೆ.

ಮಾಮಾ ಮಗ್ಗದ ಮುಂದೆ ನಿಂತಿದ್ದರು. ಸುಟ್ಟು ಜೋತ ಎಳೆ ನೋಡಿದರು. ಒದ್ದೆ ಲಾಳಿಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. ಅವರ ಕಣ್ಣು ಮುಚ್ಚಿದವು. ಬಹಳ ದಿನದ ಮೇಲೆ ತವರಿನವರನ್ನು ಕಂಡಂಥ ಮುಖವಾಯಿತು.

"ಅಣ್ಣಾ!" ಶಾಂತವ್ವ ಗದರಿದರು. ಮಾಮಾ ಲಾಳಿ ಕೆಳಗಿಟ್ಟರು. ಶಾಂತವ್ವ ಬಗ್ಗಿ ಕಂಡಿಕೆ ಬುಟ್ಟಿಗೆ ಕೈ ಹಾಕಿದರು. ರೂಳ ಬಂತು. ಗಜ್ಜರಿ ಬಂತು. ಚೌಕ ಬಂತು. ಕೊನೆಗೆ ಹೆರಳು ಬಂತು. ಇನ್ನೊಂದು ಲಾಳಿ ಚುಟ್ಟ ಮಾತ್ರ ತಳದಲ್ಲಿ ಉಳಿದು ಅವರ ಕೈಗೆ ಸಿಗಲಿಲ್ಲ.

"ನಮ್ಮಣ್ಣನ ಎದಿ ಕೆಟ್ಟು ಹೋಗಿತ್ತು. ನನ್ನ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡಿಸಿ ಚುಟ್ಟಾ ಬಿಡಿಸೇನಿ. ತಂಬಾಕ ಇರೂ ಮನಿ ಕೂಡ ಸಂಬಂಧ ಬ್ಯಾಡ ಅಂತ ಹೇಳಿ ಕಳಿಸಿದ್ದೆ. ಯಾರವು ಇವು?"

ಶಾಂತವ್ವನ ಕಣ್ಣು ಅಪ್ಪನ ಮೇಲೆ ನಿಂತಿತ್ತು. ಮನೆಯ ಯಜಮಾನರು ಅವರೇ ತಾನೆ. ತಂಬಾಕಿನ ಹೆಸರೆತ್ತದ ಅಪ್ಪ ತಲೆ ತಗ್ಗಿಸಿದ್ದರು. ಅದನ್ನು ನೋಡಲು ನನ್ನಿಂದಾಗಲಿಲ್ಲ.

"ಅಪ್ಪಂದೇನೂ ಇಲ್ರೀ ಅವ್ವಾರ. ಎಲ್ಲಾ ನಂದ" ಎಂದೆ. ಒಮ್ಮೆ ಬಾಯಿ ತೆರೆದರೆ ನಿಲ್ಲುವವನಲ್ಲ ನಾನು. ಸನ್ನೆ, ಸಾಬರು, ತಾಲೀಮು, ಹೊಗೆ, ತಂಬಿಗೆ ನೀರು, ಎಲ್ಲವನ್ನೂ ಹೇಳಿದೆ. ಎಮ್ಮೆ ಕೊಳ್ಳಲು ಬಂದವರ ಕಥೆಯನ್ನೂ ಹೇಳಿದೆ. ಅದನ್ನು ಯಾರೂ ಕೇಳಿರಲಿಲ್ಲ. ಬಸಲಿಂಗ ಕಾಕಾ ಸಾಕ್ಷಿಗೆಂದು ಅವತ್ತಿನ ಸನ್ನೆಯನ್ನೆಲ್ಲ ಮತ್ತೆ ಮಾಡಿ ತೋರಿಸಿದರು. ಮೀಸೆ ತೀಡುವಾಗ ಮಾಮಾ ತಮ್ಮ ಮೀಸೆ ಮುಟ್ಟಿಕೊಂಡರು. ಶಾಂತವ್ವನ ತುಟಿ ಮಾತ್ರ ಬಿಗಿದೇ ಇತ್ತು.

"ಶಾಂತಾ, ಇತ್ತಾಗ ನೋಡು" ಎಂದರು ಮಾಮಾ.

ನಾನು ಕಥೆ ಹೇಳುತ್ತಿದ್ದಾಗ ನೀಲವ್ವ ಯಾವಾಗಲೋ ಬಂದು ಮಗ್ಗಕ್ಕೆ ಕೂತಿದ್ದಳು. ಯಾರನ್ನೂ ನೋಡದೆ, ಸುಟ್ಟ ತುದಿಗಳನ್ನು ಕತ್ತರಿಸಿ, ಹೊಸ ಎಳೆ ಸೇರಿಸಿ, ಒಂದೊಂದೇ ಗಂಟು ಹಾಕುತ್ತಿದ್ದಳು. ಅವಳ ಬೆರಳು ಆಡುವುದು ಕಾಣುತ್ತಿತ್ತು, ಗಂಟು ಬೀಳುವುದು ಕಾಣುತ್ತಿರಲಿಲ್ಲ. ಕಣ್ಣಲ್ಲಿ ಇನ್ನೂ ನೀರಿತ್ತು. ನಾವು ನಿಂತು ನೋಡುತ್ತಿದ್ದಂತೆಯೇ ಕೊನೆಯ ಗಂಟು ಹಾಕಿ, ಕಂಡಿಕೆ ಇಟ್ಟು, ಹಗ್ಗ ಜಗ್ಗಿದಳು. ಲಾಳಿ ಹೋಯಿತು. ಹೊಕ್ಕು ಬಂತು.

ಶಾಂತವ್ವ ಬಗ್ಗಿ ಗಂಟು ಹಾಕಿದ ಜಾಗವನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಅವರ ಮುಖ ಸಡಿಲಾಯಿತು.

"ಇಂಥಾ ಅಣ್ಣನ ಕೂಡ ಇಷ್ಟ ವರ್ಷ ಬಾಳೇವು ಮಾಡ್ಯಾಳಂದ್ರ, ಎಂಥಾ ಗಂಡನ ಕೂಡನೂ ಮಾಡತಾಳ! ಎಲಿ ಅಡಿಕಿ ತರ್ರಿ!"

ಎಲ್ಲರೂ ನಕ್ಕರು. ಅಪ್ಪ ನಕ್ಕರು. ನೀಲವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ನಗುತ್ತ ಒಳಗೆ ಓಡಿದಳು. ನಾನೂ ನಕ್ಕೆ, ನಗುತ್ತಿರುವುದು ನನ್ನನ್ನೇ ಎಂದು ಆಮೇಲೆ ತಿಳಿಯಿತು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಊಟವಾದ ಮೇಲೆ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದೆ. ಮಾಮಾ ಮೆಲ್ಲಗೆ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು.

"ಸಂಗಪ್ಪಾ, ಇನ್ನೊಂದು ಲಾಳಿ ಇತ್ತಂತಲ್ಲೋ. ಎಲ್ಲೈತಿ?"

"ಮಾಮಾರ, ಆಣಿ ಮಾಡೀರಲ್ರಿ!"

"ಹೊಗಿ ಬಿಡಬಾರದು ಅಂತ ಆಣಿ ಐತಿ. ನಾ ಹೊಗಿ ಬಿಡೂದಿಲ್ಲ, ತಗೊಂಬಾ."

ದೊಡ್ಡವರ ಮಾತು, ತಂದುಕೊಟ್ಟೆ. ಆ ಚೂಪು ತುದಿಗಳಿಗಾಗಿ, ಆ ತುಂಬಿದ ನಡುವಿಗಾಗಿ ನಾನು ಮೋಟಾರ ಹತ್ತಿ ಇಳಿದು ಜಮಖಂಡಿ ಪೇಟೆ ಸುತ್ತಿದ್ದೆ. ಮಾಮಾ ಅದನ್ನು ಒಂದು ಸಲವೂ ನೆಟ್ಟಗೆ ನೋಡಲಿಲ್ಲ. ಲಟಕ್ಕನೆ ಮುರಿದರು. ಅಂಗೈಯಲ್ಲಿ ಪುಡಿ ಮಾಡಿದರು. ಸೊಂಟದ ಡಬ್ಬಿಯಿಂದ ಸುಣ್ಣ ತೆಗೆದು ಹಚ್ಚಿ ತಿಕ್ಕಿ ತಿಕ್ಕಿ, ಗಲ್ಲದೊಳಗೆ ಒತ್ತಿಕೊಂಡರು.

"ಆಕಾರರೀ, ಮಾಮಾರ?" ಎಂದೆ ದುಃಖದಿಂದ.

"ಬಾಯಾಗ ಹ್ವಾದ ಮ್ಯಾ..." ಎಂದವರು ಥಟ್ಟನೆ ಬಾಯಿ ಮುಚ್ಚಿದರು. ಹಿತ್ತಲ ಬಾಗಿಲಲ್ಲಿ ಶಾಂತವ್ವ ನಿಂತಿದ್ದರು!

"ಮತ್ತ ತಂಬಾಕಿನ ವಾಸನಿ! ಯಾರ್ದಿದು?"

ಮಾಮಾರ ಬಾಯಿ ತುಂಬಿತ್ತು. ತೆರೆಯುವಂತಿರಲಿಲ್ಲ. ಅವರು ನಿಧಾನವಾಗಿ ಎರಡು ಬೆರಳು ತುಟಿಗೆ ಹಚ್ಚಿ ದಮ್ ಎಳೆದು, ಅಂಗೈ ಜೋಡಿಸಿ ಎರಡೂ ತುದಿ ಚೂಪು ನಡು ದಪ್ಪ ಮಾಡಿ, ಬೆರಳನ್ನು ನನ್ನತ್ತ ತೋರಿಸಿದರು. ಶಾಂತವ್ವನಿಗೆ ಸನ್ನೆ ತಕ್ಷಣ ತಿಳಿಯಿತು. ನನ್ನ ಜೀವಮಾನದಲ್ಲಿ ಅಷ್ಟು ಸ್ಪಷ್ಟವಾದ ಸನ್ನೆಯನ್ನು ನಾನು ಕಂಡಿಲ್ಲ. ಕೊಟ್ಟ ಮಾತು ಆಗಲಾದರೂ ನೆನಪಾಯಿತು. ಏನೂ ಮಾಡದೆ, ಏನೂ ಹೇಳದೆ, ಕಲ್ಲಿನಂತೆ ನಿಂತೆ.

ಮದುವೆ ಸುಸೂತ್ರವಾಗಿ ಆಯಿತು. ಶಾಂತವ್ವ ಅದೇ ಸೀರೆ ಉಟ್ಟಿದ್ದರು; ಸೆರಗಿನ ಕಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ನನ್ನನ್ನು ಮಾತ್ರ ಹಂದರದ ಮೂಲೆಯಲ್ಲಿ, ಮಾಮಾರಿಂದ ದೂರ ಕೂರಿಸಿದ್ದರು, ಮಾಮಾರಿಗೆ ನನ್ನ ಚಟ ಹತ್ತಬಾರದು ಎಂದು! ಇವತ್ತಿಗೂ ಮುಧೋಳದಲ್ಲಿ ನೀಲವ್ವನ ಅಣ್ಣ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಚುಟ್ಟಾ ಸಂಗಪ್ಪ ಎಂದರೆ ಮನೆಯವರೆಗೆ ಕರೆತಂದು ಬಿಡುತ್ತಾರೆ. ಹೆಸರು ಇಷ್ಟು ದೊಡ್ಡದು. ಆದರೆ ದೇವರಾಣೆಗೂ ಹೇಳುತ್ತೇನೆ, ಇಡೀ ಜನ್ಮದಲ್ಲಿ ನಾನು ಸೇದಿದ್ದು ಅರ್ಧ ಚುಟ್ಟ. ಉಳಿದರ್ಧ ಸೇದಿದ್ದು ನಮ್ಮ ಮಗ್ಗ!